ಬಣ್ಣದ ಕೆಳಗಿನ ಸಾಕ್ಷಿ: ಪುಟ್ಟಿಯೊಂದಿಗೆ ಒಂದು ಕಾಲ್ಪನಿಕ ಸಂದರ್ಶನ

ಮೋಟಾರು ವಾಹನಗಳ ವ್ಯಾಪಾರದಲ್ಲಿ ‘ಹೊಸದು’ ಎಂಬ ಮಾತು ಮೂರು ಆಧಾರಗಳ ಮೇಲೆ ನಿಂತಿದೆ: ತಯಾರಕರು ಕಳುಹಿಸುವ ಕಾಗದ, ಮಾರಾಟಗಾರರು ಕೊಡುವ ಭರವಸೆ ಮತ್ತು ಕೊಳ್ಳುವವರ ಕಣ್ಣಿಗೆ ಬೀಳುವ ಹೊಳಪು. ಈ ಮೂರೂ ಬಣ್ಣದ ಮೇಲ್ಗಡೆಯೇ ನಿಂತು ಮಾತನಾಡುವುದರಿಂದ, ಬಣ್ಣದ ಕೆಳಗಿರುವವರ ಹೇಳಿಕೆಯನ್ನು ದಾಖಲಿಸಿಕೊಳ್ಳುವ ಪದ್ಧತಿ ಬೆಳೆದುಬಂದಿಲ್ಲ. ಮಾರಾಟಕ್ಕೆ ಮೊದಲೇ ಪೆಟ್ಟು ತಿಂದು, ರಿಪೇರಿಯಾಗಿ, ಆ ಸಂಗತಿಯನ್ನು ತಿಳಿಸದೆ ಹೊಸದೆಂದೇ ಮಾರಲಾದ ವಾಹನಗಳ ವಿಚಾರದಲ್ಲಿ ಈ ಕೊರತೆ ಎದ್ದು ಕಾಣುತ್ತದೆ. ಏಕೆಂದರೆ ಅಲ್ಲಿ ನಡೆದದ್ದನ್ನು ಬಲ್ಲ, ಎಲ್ಲಿಗೂ ಓಡಿಹೋಗಲಾರದ, ಯಾವ ಆಮಿಷಕ್ಕೂ ಒಲಿಯದ ಸಾಕ್ಷಿ ಒಂದೇ, ಅದು ತಗಡಿನ ತಗ್ಗನ್ನು ತುಂಬಿಕೊಂಡು ಕುಳಿತಿರುವ ಪುಟ್ಟಿ.

ಈ ಕೊರತೆಯನ್ನು ನೀಗಿಸುವ ಉದ್ದೇಶದಿಂದ, ದಾವಣಗೆರೆಯ ಮಳಿಗೆಯೊಂದರಲ್ಲಿ ಹೊಸದೆಂದು ಮಾರಾಟವಾಗಿ, ಅಲ್ಲಿಂದ ಸುಮಾರು 14 ಕಿ.ಮೀ. ದೂರದ ಹರಿಹರದ ಮನೆಯೊಂದರ ಮುಂದೆ ನಿಂತಿರುವ ಬೆಳ್ಳಿ ಬಣ್ಣದ ಕಾರಿನ ಎಡ ಹಿಂಬಾಗಿಲಿನ ಪುಟ್ಟಿಯನ್ನು ಸಂದರ್ಶಿಸಲಾಯಿತು. ಕಾರು, ಮಳಿಗೆ, ಮನೆ ಈ ಮೂರೂ ಕಲ್ಪಿತವಾದವು. ಸಂದರ್ಶನದಲ್ಲಿ ಬರುವ ಕಾಯ್ದೆ, ನಮೂನೆ ಮತ್ತು ತೀರ್ಪುಗಳು ವಾಸ್ತವವಾದವು. ಪುಟ್ಟಿಯು ತನ್ನ ಬಗ್ಗೆ ಉತ್ತಮಪುರುಷದಲ್ಲಿ ಮಾತನಾಡಲು ಒಪ್ಪಲಿಲ್ಲ. ಮೂರು ಪದರಗಳ ಕೆಳಗೆ ಬದುಕುವವರಿಗೆ ಅಷ್ಟು ಸಲುಗೆ ಶೋಭಿಸುವುದಿಲ್ಲವೆಂಬುದು ಅದರ ನಿಲುವಾಗಿದ್ದರಿಂದ, ಉತ್ತರಗಳನ್ನು ಅದು ಹೇಳಿದ ರೀತಿಯಲ್ಲಿಯೇ ಇಲ್ಲಿ ಕೊಡಲಾಗಿದೆ.

ಪ್ರಶ್ನೆ: ಓದುಗರಲ್ಲಿ ಅನೇಕರಿಗೆ ತಮ್ಮ ಹೆಸರಷ್ಟೇ ಗೊತ್ತಿರುವುದರಿಂದ, ಮೊದಲು ಹುಟ್ಟು ಮತ್ತು ಕಸುಬಿನ ವಿವರ ಕೊಡಬಹುದೇ?

ಪುಟ್ಟಿ: ಪಾಲಿಯೆಸ್ಟರ್ ಅಂಟಿಗೆ ನುಣ್ಣನೆಯ ಟಾಲ್ಕ್ ಪುಡಿಯನ್ನು ಕಲಸಿದ ಮುದ್ದೆಯೇ ಪುಟ್ಟಿ, ಬಳಸುವ ಹೊತ್ತಿಗೆ ಅದಕ್ಕೆ ಹಾರ್ಡನರ್ ಎಂಬ ಗಟ್ಟಿಗೊಳಿಸುವ ದ್ರವ್ಯವನ್ನು ಬೆರೆಸಿದರೆ ಕೆಲವೇ ನಿಮಿಷಗಳಲ್ಲಿ ಬಿಗಿದುಕೊಳ್ಳುತ್ತದೆ. ಮುಖಕ್ಕೆ ಹಚ್ಚುವ ಪೌಡರಿನಲ್ಲಿಯೂ ಟಾಲ್ಕ್ ಇರುವುದರಿಂದ, ಇಬ್ಬರ ವಂಶವೂ ಕಸುಬೂ ಒಂದೇ ಎಂದು ಯಾರಾದರೂ ಹೇಳಿದರೆ ಪುಟ್ಟಿಗೆ ಬೇಸರವಿಲ್ಲ. ಪೆಟ್ಟು ತಿಂದ ತಗಡನ್ನು ಟಿಂಕರಿಂಗ್ ಮೇಸ್ತ್ರಿ, ಅಂದರೆ ವಾಹನದ ಮೈಯನ್ನು ಬಡಿದು ಎಳೆದು ಮೊದಲಿನ ಆಕಾರಕ್ಕೆ ತರುವ ಕುಶಲಕರ್ಮಿ, ಎಷ್ಟು ಸರಿಪಡಿಸಿದರೂ ಉಳಿದುಬಿಡುವ ಸಣ್ಣ ತಗ್ಗುಗಳನ್ನು ತುಂಬುವುದು ಪುಟ್ಟಿಯ ಕರ್ತವ್ಯ. ಅದು ಒಣಗಿದ ಮೇಲೆ ಎಮರಿ ಕಾಗದದಿಂದ ತಿಕ್ಕಿ, ಪ್ರೈಮರ್ ಹೊಡೆದು, ಬಣ್ಣ ಕೊಟ್ಟು, ಕೊನೆಗೆ ಲ್ಯಾಕರ್ ಎಂಬ ಪಾರದರ್ಶಕ ಹೊಳಪಿನ ಪದರವನ್ನು ಬಳಿಯುತ್ತಾರೆ. ಕಾಣದಿರುವುದೇ ಒಳ್ಳೆಯ ಪುಟ್ಟಿಯ ಲಕ್ಷಣ. ಆದರೆ ಕಾಣದಿರುವುದಕ್ಕೂ ಇಲ್ಲವೆಂದು ಹೇಳುವುದಕ್ಕೂ ವ್ಯತ್ಯಾಸವಿದೆ, ಎರಡನೆಯದನ್ನು ಪುಟ್ಟಿ ಎಂದೂ ಮಾಡಿಲ್ಲ.

ಪ್ರಶ್ನೆ: ಹೊಚ್ಚ ಹೊಸ ಕಾರಿನ ಮೇಲೆ ತಮಗೆ ಕೆಲಸ ಸಿಕ್ಕಿದ್ದು ಹೇಗೆ?

ಪುಟ್ಟಿ: ಕಾರ್ಖಾನೆಯಿಂದ ಹೊರಬಿದ್ದ ಕಾರು ನೇರವಾಗಿ ಹೂವಿನ ಹಾರಕ್ಕೆ ಕೊರಳೊಡ್ಡುತ್ತದೆಂಬ ನಂಬಿಕೆ ಗ್ರಾಹಕರಲ್ಲಿ ವ್ಯಾಪಕವಾಗಿದೆ. ವಾಸ್ತವದಲ್ಲಿ ಅದು ಇಳಿಜಾರು ಹಲಗೆಯ ಮೇಲಿಂದ ಉದ್ದನೆಯ ಟ್ರೇಲರನ್ನು ಹತ್ತಿ, ಪಟ್ಟಿಗಳಿಂದ ಬಿಗಿಸಿಕೊಂಡು, ರಾಷ್ಟ್ರೀಯ ಹೆದ್ದಾರಿ 48ರಂತಹ ರಸ್ತೆಗಳಲ್ಲಿ ಊರಿಂದೂರಿಗೆ ಸಾಗಿ, ಮತ್ತೆ ಇಳಿದು, ಸ್ಟಾಕ್‌ಯಾರ್ಡ್ ಎಂದು ಕರೆಯುವ ಬಯಲು ದಾಸ್ತಾನಿನಲ್ಲಿ ಬಿಸಿಲು, ಆಲಿಕಲ್ಲು, ಮರದ ಕೊಂಬೆಗಳ ಕೆಳಗೆ ಕಾದು ನಿಂತು, ಪ್ರತಿ ಹಂತದಲ್ಲಿಯೂ ಬೇರೆ ಬೇರೆ ಚಾಲಕರ ಕೈಯಲ್ಲಿ ಹಿಂದೆ ಮುಂದೆ ಸರಿದು ಮಳಿಗೆಯನ್ನು ಸೇರುತ್ತದೆ. ಸದರಿ ಬಾಗಿಲು ಟ್ರೇಲರಿನಿಂದ ಇಳಿಯುವಾಗ ಕಬ್ಬಿಣದ ಕಂಬಕ್ಕೆ ತಾಗಿತು. ಇಂತಹ ಹಾನಿಗೆ ಸಾಗಣೆ ವಿಮೆ ಇರುವುದರಿಂದ, ಪೆಟ್ಟಿನ ಉದ್ದ, ಅಗಲ, ಆಳ, ಛಾಯಾಚಿತ್ರಗಳು ಮತ್ತು ರಿಪೇರಿಯ ಅಂದಾಜು ಪಟ್ಟಿ ಇವೆಲ್ಲವನ್ನೂ ವಿಮಾ ಕಂಪನಿಗೆ ಬಹಳ ಕಾಳಜಿಯಿಂದ ಒಪ್ಪಿಸಲಾಯಿತು. ಒಂದೇ ಗಾಯದ ಬಗ್ಗೆ ಪರಿಹಾರ ಕೊಡುವ ವಿಮಾ ಕಂಪನಿಗೆ ಸವಿಸ್ತಾರ ವರ್ಣನೆ, ಬೆಲೆ ಕೊಡುವ ಗ್ರಾಹಕರಿಗೆ ಸಂಪೂರ್ಣ ಮೌನ: ಶೈಲಿಶಾಸ್ತ್ರದ ವಿದ್ಯಾರ್ಥಿಗಳು ಗಮನಿಸಬೇಕಾದ ಭೇದವಿದು.

ಪ್ರಶ್ನೆ: ರಿಪೇರಿ ಅಷ್ಟು ನುಣುಪಾಗಿ ನಡೆದಿದ್ದರೆ, ಕಾರ್ಖಾನೆಯ ಬಣ್ಣಕ್ಕೂ ಆಮೇಲಿನ ಬಣ್ಣಕ್ಕೂ ವ್ಯತ್ಯಾಸವೇನು ಉಳಿಯುತ್ತದೆ?

ಪುಟ್ಟಿ: ಕಾರ್ಖಾನೆಯಲ್ಲಿ ಗಾಜು, ರಬ್ಬರು, ಆಸನ ಯಾವುದೂ ಇಲ್ಲದ ಬರಿ ತಗಡಿನ ಮೈಯನ್ನು ತೊಟ್ಟಿಯಲ್ಲಿ ಮುಳುಗಿಸಿ, ವಿದ್ಯುತ್ತಿನ ಸಹಾಯದಿಂದ ತುಕ್ಕು ತಡೆಯುವ ಮೊದಲ ಪದರವನ್ನು ಕೂರಿಸಿ, ಅದರ ಮೇಲೆ ಉಳಿದ ಪದರಗಳನ್ನು ಯಂತ್ರದ ತೋಳುಗಳಿಂದ ಬಳಿದು, ಸುಮಾರು 140 ಡಿಗ್ರಿ ಸೆಲ್ಸಿಯಸ್ ಹಾಗೂ ಅದಕ್ಕೂ ಹೆಚ್ಚಿನ ಶಾಖದಲ್ಲಿ ಬೇಯಿಸುತ್ತಾರೆ. ಪೂರ್ತಿ ಜೋಡಿಸಿದ ಕಾರನ್ನು ಅಷ್ಟು ಶಾಖಕ್ಕೆ ಒಡ್ಡಿದರೆ ಪ್ಲಾಸ್ಟಿಕ್ಕು, ವೈರಿಂಗು ಹಾಳಾಗುವುದರಿಂದ, ವರ್ಕ್‌ಶಾಪಿನ ಬಣ್ಣದ ಕೋಣೆಯಲ್ಲಿ ಸುಮಾರು 60 ಡಿಗ್ರಿಯಲ್ಲಿಯೇ ಒಣಗಿಸಬೇಕಾಗುತ್ತದೆ. ಹೀಗಾಗಿ ಎರಡು ಬಣ್ಣಗಳು ನೋಟಕ್ಕೆ ಒಂದೇ ಆದರೂ ಬಾಳಿಕೆಗೆ ಒಂದೇ ಎಂದು ಹೇಳಲಾಗದು. ಬೆಳ್ಳಿ ಬಣ್ಣದಲ್ಲಿ ಕಷ್ಟ ಇನ್ನೂ ಹೆಚ್ಚು. ಅದರೊಳಗಿನ ಅಲ್ಯೂಮಿನಿಯಂ ಕಣಗಳು ಕೂರುವ ಕೋನ ಸ್ವಲ್ಪ ಬದಲಾದರೂ, ನೆರಳಿನಲ್ಲಿ ಒಂದೇ ಬಣ್ಣವಾಗಿದ್ದ ಎರಡು ಬಾಗಿಲುಗಳು ಬಿಸಿಲಿನಲ್ಲಿ ಬೇರೆ ಬೇರೆಯಾಗುತ್ತವೆ. ಸಂಜೆ ಏಳರ ಮೇಲೆ ಟ್ಯೂಬ್‌ಲೈಟಿನ ಕೆಳಗೆ ಕಾರು ಹಸ್ತಾಂತರಿಸುವ ಶುಭಮುಹೂರ್ತಗಳೇ ಹೆಚ್ಚಾಗಿರುವುದಕ್ಕೆ ಪಂಚಾಂಗ ಕಾರಣವೆಂದು ಪುಟ್ಟಿ ಬಹುಕಾಲ ನಂಬಿತ್ತು.

ಪ್ರಶ್ನೆ: ಹಸ್ತಾಂತರದ ದಿನ ನಡೆದದ್ದನ್ನು ತಾವು ಒಳಗಿನಿಂದಲೇ ಕಂಡಿದ್ದೀರಿ. ಅದರ ವಿವರ?

ಪುಟ್ಟಿ: ಆಯುಧಪೂಜೆಯ ಹಿಂದಿನ ದಿನವಾದ್ದರಿಂದ ಸಾಲು ದೊಡ್ಡದಿತ್ತು. ಕಾರಿನ ಮೇಲೆ ಮಿರುಗುವ ಹೊದಿಕೆ, ಬಾನೆಟ್ಟಿಗೆ ಹೂವಿನ ಹಾರ, ಮನೆಯ ಯಜಮಾನರ ಕೈಯಲ್ಲಿ ರಟ್ಟಿನ ದೊಡ್ಡ ಕೀಲಿಕೈ, ಮಕ್ಕಳ ಕೈಯಲ್ಲಿ ಸಿಹಿ ಎಲ್ಲವೂ ಕ್ರಮಬದ್ಧವಾಗಿದ್ದವು. ಫೋಟೊ ತೆಗೆಯುವವರು ಇಡೀ ಕುಟುಂಬವನ್ನು ಎಡ ಹಿಂಬಾಗಿಲಿಗೆ ಒರಗಿಸಿ ನಿಲ್ಲಿಸಿದ್ದರಿಂದ, ಆ ಬಾಗಿಲಿಗೆ ಎಲ್ಲರ ಬೆನ್ನು ತಾಗಿತೇ ಹೊರತು ಯಾರ ಕಣ್ಣೂ ತಾಗಲಿಲ್ಲ. ‘ಪಿಡಿಐ’ ಎಂದು ಕರೆಯುವ ತಪಾಸಣೆ, ಅಂದರೆ ಹಸ್ತಾಂತರಕ್ಕೆ ಮುನ್ನ ವಾಹನದ ಪ್ರತಿಯೊಂದು ಭಾಗವನ್ನೂ ಪಟ್ಟಿಯ ಪ್ರಕಾರ ಪರೀಕ್ಷಿಸುವ ಕ್ರಮ, ಅಷ್ಟರಲ್ಲಿ ಮುಗಿದಿತ್ತು; ಮೈ ಮತ್ತು ಬಣ್ಣದ ಸಾಲಿನ ಎದುರು ‘ಸರಿ’ ಎಂಬ ಗುರುತು ಬಿದ್ದಿತ್ತು; ಆ ಗುರುತು ಹಾಕಿದ ಪೆನ್ನೂ ವಿಮಾ ಕಂಪನಿಗೆ ಹಾನಿಯ ವರದಿ ಬರೆದ ಪೆನ್ನೂ ಒಂದೇ ಮೇಜಿನವು. ನಾಲ್ಕು ಚಕ್ರಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು ದೃಷ್ಟಿ ತೆಗೆದರು. ಮುಂದೆ ಬೀಳಬಹುದಾದ ಕಣ್ಣಿಗೆ ಪರಿಹಾರ ನಡೆಯಿತು, ಹಿಂದೆಯೇ ಬಿದ್ದಿದ್ದ ಪೆಟ್ಟಿನ ಪ್ರಸ್ತಾಪ ಬರಲಿಲ್ಲ.

ಪ್ರಶ್ನೆ: ಸರ್ಕಾರಿ ಕಾಗದಪತ್ರಗಳಲ್ಲಾದರೂ ತಮ್ಮ ಉಲ್ಲೇಖ ಇರಬೇಕಲ್ಲವೇ?

ಪುಟ್ಟಿ: 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಇದಕ್ಕೆ ಸಂಬಂಧಿಸಿದ ಎರಡು ನಮೂನೆಗಳಿವೆ. ನಮೂನೆ 22 ತಯಾರಕರು ಕೊಡುವ ಪ್ರಮಾಣಪತ್ರವಾಗಿದ್ದು, ವಾಹನವು ಮಾಲಿನ್ಯ ಮತ್ತು ಸುರಕ್ಷತೆಯ ಮಾನದಂಡಗಳಿಗೆ ಒಪ್ಪುತ್ತದೆಂದೂ ರಸ್ತೆಗೆ ಯೋಗ್ಯವಾಗಿದೆಯೆಂದೂ ಹೇಳುತ್ತದೆ. ಕಾರ್ಖಾನೆಯ ಗೇಟು ದಾಟಿದ ಮೇಲಿನ ಸಂಗತಿ ಅದಕ್ಕೆ ಸಂಬಂಧಿಸಿದ್ದಲ್ಲ. ನಮೂನೆ 21 ಮಾರಾಟದ ಪ್ರಮಾಣಪತ್ರ. ಅದರಲ್ಲಿ ಚಾಸಿಸ್ ಸಂಖ್ಯೆ, ಎಂಜಿನ್ ಸಂಖ್ಯೆ, ತಯಾರಾದ ತಿಂಗಳು ಮತ್ತು ವರ್ಷ, ಆಸನಗಳ ಸಂಖ್ಯೆ, ತೂಕ ಎಲ್ಲಕ್ಕೂ ಸ್ಥಳವಿದೆ. ಮೈಯ ಬಣ್ಣ ಯಾವುದೆಂದು ಬರೆಯಲು ಕೂಡ ಒಂದು ಅಂಕಣವಿದೆ, ಆದರೆ ಆ ಬಣ್ಣವನ್ನು ಎಷ್ಟು ಸಲ ಬಳಿಯಲಾಯಿತೆಂದು ಬರೆಯಲು ಇಲ್ಲ. ಹಿಂದೆ ನೋಂದಣಿಗೆ ಮುನ್ನ ಸಾರಿಗೆ ಇಲಾಖೆಯ ನಿರೀಕ್ಷಕರ ಮುಂದೆ ವಾಹನವನ್ನು ಹಾಜರುಪಡಿಸಬೇಕಾಗಿತ್ತು. 1988ರ ಮೋಟಾರು ವಾಹನ ಕಾಯ್ದೆಯ 44ನೆಯ ಕಲಮಿಗೆ 2019ರಲ್ಲಿ ತಂದ ತಿದ್ದುಪಡಿಯು, ಅಧಿಕೃತ ಮಾರಾಟಗಾರರು ಮಾರಿದ ವಾಹನವನ್ನು ಮೊದಲ ನೋಂದಣಿಗಾಗಿ ಹಾಜರುಪಡಿಸುವ ಅಗತ್ಯವಿಲ್ಲವೆಂದು ಹೇಳಿದೆ. ಇದರಿಂದ ಗ್ರಾಹಕರಿಗೆ ಒಂದು ಓಡಾಟ ಉಳಿಯಿತು, ಪುಟ್ಟಿಗೆ ಒಂದು ಜೋಡಿ ಕಣ್ಣಿನ ಭಯ ಉಳಿಯಿತು. ದಾವಣಗೆರೆಯ ‘ಕೆಎ 17’ ಫಲಕ ಬಂದು ಕೂತ ಮೇಲೆ ಕಾರು ಕಾಗದದಲ್ಲಿ ಸಂಪೂರ್ಣವಾಗಿ ನಿಷ್ಕಳಂಕವಾಯಿತು.

ಪ್ರಶ್ನೆ: ಹಾಗಿದ್ದರೆ ವಿಷಯ ಬಯಲಿಗೆ ಬಂದದ್ದು ಎಲ್ಲಿ?

ಪುಟ್ಟಿ: ಹರಿಹರದಲ್ಲಿ. ಆ ಊರಿಗೆ ಇಂತಹ ಕಾರನ್ನು ಮಾರಿದ್ದು ವ್ಯಾಪಾರದ ದೃಷ್ಟಿಯಿಂದಲೂ ವಿವೇಕದ ಕೆಲಸವಾಗಿರಲಿಲ್ಲ; ಏಕೆಂದರೆ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ದಶಕಗಳ ಕಾಲ ಲೇತ್ ಯಂತ್ರಗಳನ್ನು, ಅಂದರೆ ಲೋಹವನ್ನು ತಿರುಗಿಸಿ ಬೇಕಾದ ಅಳತೆಗೆ ಕೊರೆಯುವ ಯಂತ್ರಗಳನ್ನು, ಅಲ್ಲಿ ತಯಾರಿಸಿತು, ಕಾರ್ಖಾನೆ ಮುಚ್ಚಿದರೂ ಕೂದಲೆಳೆಯ ವ್ಯತ್ಯಾಸವನ್ನು ಸಹಿಸದ ಕಣ್ಣುಗಳು ಊರಿನಲ್ಲಿ ಉಳಿದಿವೆ. ಅಂಥ ಒಬ್ಬ ಮೇಸ್ತ್ರಿ ಪೇಂಟ್ ಗೇಜ್ ಎಂಬ ಸಣ್ಣ ಉಪಕರಣವನ್ನು ತಂದು ಬಾಗಿಲುಗಳ ಮೇಲಿಟ್ಟರು. ತಗಡಿನ ಮೇಲಿನ ಪದರದ ದಪ್ಪವನ್ನು ಅದು ಮೈಕ್ರಾನಿನಲ್ಲಿ, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗದ ಲೆಕ್ಕದಲ್ಲಿ, ತೋರಿಸುತ್ತದೆ. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಇರುತ್ತದೆ. ಮೂರು ಬಾಗಿಲುಗಳು ಆ ಮಿತಿಯೊಳಗೆ ನಿಂತವು, ನಾಲ್ಕನೆಯದು 600ರ ಆಚೆ ಹೋಯಿತು. ಆ ಬಳಿಕ ಉಳಿದ ಸಾಕ್ಷಿಗಳು ಒಂದೊಂದಾಗಿ ಬಾಯಿಬಿಟ್ಟವು: ಬಾಗಿಲಿನ ಕೀಲಿನ ಬೋಲ್ಟುಗಳ ಬಣ್ಣ ಸ್ಪ್ಯಾನರಿನ ಹಿಡಿತಕ್ಕೆ ಎದ್ದಿತ್ತು, ರಬ್ಬರ್ ಬೀಡಿಂಗಿನ ಅಂಚಿನಲ್ಲಿ ಬೆಳ್ಳಿ ಬಣ್ಣದ ಸಿಂಪಡಣೆ ಉಳಿದಿತ್ತು, ಮೂರು ಕಿಟಕಿಗಳ ಗಾಜಿನ ಮೇಲಿದ್ದ ತಯಾರಿಕೆಯ ಗುರುತಿಗೂ ಈ ಬಾಗಿಲಿನ ಗಾಜಿನ ಗುರುತಿಗೂ ತಾಳೆಯಾಗಲಿಲ್ಲ. ಪುಟ್ಟಿಯನ್ನು ಪ್ರಶ್ನಿಸಿದ ಮೊದಲ ಪ್ರಾಮಾಣಿಕ ವ್ಯಕ್ತಿ ಆ ಮೇಸ್ತ್ರಿ. ಕೇಳಿದ ಕ್ಷಣದಲ್ಲಿಯೇ ಪುಟ್ಟಿ ಸತ್ಯವನ್ನು ಅಂಕಿಯಲ್ಲಿ ಹೇಳಿತು.

ಪ್ರಶ್ನೆ: ಮಳಿಗೆಯವರ ಪ್ರತಿಕ್ರಿಯೆ ಹೇಗಿತ್ತು?

ಪುಟ್ಟಿ: ಅದು ಐದು ಹಂತಗಳಲ್ಲಿ ವಿಕಾಸಗೊಂಡಿತು. ಮೊದಲ ಹಂತದಲ್ಲಿ “ಇದು ಕಂಪನಿ ಫಿನಿಶ್ ಸಾರ್, ಎಲ್ಲ ಗಾಡಿಯೂ ಹೀಗೇ ಬರುತ್ತದೆ” ಎಂಬ ಸಾರ್ವತ್ರಿಕ ಸಿದ್ಧಾಂತವನ್ನು ಮಂಡಿಸಲಾಯಿತು. ಎರಡನೆಯದರಲ್ಲಿ ಬಿಸಿಲಿಗೆ ಹಾಗೆ ಕಾಣುತ್ತದೆಂದು ದೃಗ್ವಿಜ್ಞಾನವನ್ನು ಆಶ್ರಯಿಸಲಾಯಿತು. ಮೂರನೆಯದರಲ್ಲಿ ಮನೆಯವರೇ ಎಲ್ಲೋ ತಾಗಿಸಿ ಹೊರಗೆ ಬಣ್ಣ ಹಾಕಿಸಿರಬಹುದೆಂಬ ಐತಿಹಾಸಿಕ ಊಹೆ ಬಂತು. ನಾಲ್ಕನೆಯದರಲ್ಲಿ ಮೇಲಿನವರನ್ನು ಕೇಳಿ ಹೇಳುತ್ತೇವೆಂಬ ಆಡಳಿತಾತ್ಮಕ ನಿಲುವು. ಐದನೆಯದರಲ್ಲಿ ಉಚಿತ ಪಾಲಿಶ್, ಒಂದು ಜೊತೆ ಕಾಲುಮ್ಯಾಟು ಮತ್ತು ಸುಗಂಧದ ಡಬ್ಬಿಯ ದಾನ. ಒಂದನೆಯ ಹಂತದ ಪ್ರಕಾರ ಏನೂ ನಡೆದಿಲ್ಲ, ಐದನೆಯ ಹಂತದ ಪ್ರಕಾರ ನಡೆದದ್ದಕ್ಕೆ ಪರಿಹಾರ ಸಿದ್ಧವಿದೆ. ನಡೆದದ್ದೇನೆಂದು ಹೇಳುವ ಹಂತ ಮಾತ್ರ ಈ ಸೋಪಾನದಲ್ಲಿ ಎಲ್ಲಿಯೂ ಬರುವುದಿಲ್ಲ.

ಪ್ರಶ್ನೆ: ಒಡೆದದ್ದನ್ನು ಕೂಡಿಸಿ ಚೆಂದ ಮಾಡುವುದು ತಪ್ಪೇ? ಎರಡು ಮೈ ಒಂದಾಗಿ ನಿಂತ ದೇವರನ್ನೇ ಹರಿಹರ ಪೂಜಿಸುತ್ತದೆಯಲ್ಲವೇ?

ಪುಟ್ಟಿ: ಈ ವಾದವನ್ನು ಮಳಿಗೆಯವರು ಹೇಳದೆ ಉಳಿದದ್ದು ಅವರ ಪುಣ್ಯ. ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕನಾದ ಪೋಲಾಳ್ವನು 1224ರ ಸುಮಾರಿಗೆ ತುಂಗಭದ್ರೆಯ ದಡದಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ, ಬಲಭಾಗ ಹರನದು, ಎಡಭಾಗ ಹರಿಯದು ಎಂಬುದನ್ನು ಶಿಲೆಯಲ್ಲಿಯೇ ಬಹಿರಂಗವಾಗಿ ತೋರಿಸಲಾಗಿದೆ. ಯಾವ ಭಕ್ತರಿಗೂ ಇದು ಒಂದೇ ಮೈಯೆಂದು ಹೇಳಿ ಕಾಣಿಕೆ ಪಡೆದಿಲ್ಲ. ಕೂಡಿಸುವುದು ಕಲೆ, ಕೂಡಿಸಿದ್ದನ್ನು ಹೇಳುವುದು ಧರ್ಮ, ಹೇಳದೆ ಪೂರ್ಣ ಬೆಲೆ ಪಡೆಯುವುದು ವ್ಯವಹಾರದ ಅಪರಾಧ. ಪೆಟ್ಟಾಗಿದೆ, ಸರಿಪಡಿಸಿದೆ, ಆದ್ದರಿಂದ ಇಷ್ಟು ಕಡಿಮೆ ಎಂದು ಹೇಳಿದ್ದರೆ ಅದೇ ಕುಟುಂಬ ಅದೇ ಕಾರನ್ನು ಸಂತೋಷದಿಂದ ಒಯ್ಯಬಹುದಾಗಿತ್ತು, ಅಥವಾ ಬೇರೊಂದನ್ನು ಕೇಳಬಹುದಾಗಿತ್ತು. ಆ ಆಯ್ಕೆಯನ್ನೇ ಅವರಿಂದ ಕಸಿದುಕೊಂಡದ್ದು ಪುಟ್ಟಿಯಲ್ಲ.

ಪ್ರಶ್ನೆ: ಕಾನೂನು ಈ ವಿಚಾರದಲ್ಲಿ ಏನು ಹೇಳುತ್ತದೆ?

ಪುಟ್ಟಿ: 2020ರ ಜುಲೈ 20ರಿಂದ ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು, ಮತ್ತೆ ಕಟ್ಟಿದ, ಬಳಸಿದ, ನವೀಕರಿಸಿದ, ಸುಸ್ಥಿತಿಗೆ ತಂದ ಅಥವಾ ಹಳೆಯ ಸರಕನ್ನು ಹೊಸದೆಂದು ಸುಳ್ಳಾಗಿ ಬಿಂಬಿಸುವುದನ್ನು ತನ್ನ 2(47)ನೆಯ ಕಲಮಿನಲ್ಲಿ ‘ಅನುಚಿತ ವ್ಯಾಪಾರ ಪದ್ಧತಿ’ ಎಂದು ಕರೆದಿದೆ, 2(11)ನೆಯ ಕಲಮಿನಲ್ಲಿ, ಗ್ರಾಹಕರಿಗೆ ಸಂಬಂಧಿಸಿದ ಮಾಹಿತಿಯನ್ನು ಬೇಕೆಂದೇ ತಡೆಹಿಡಿಯುವುದನ್ನು ‘ಸೇವಾ ನ್ಯೂನತೆ’ಯ ವ್ಯಾಖ್ಯೆಯೊಳಗೆ ತಂದಿದೆ. ಮೊದಲನೆಯದು ಆಡಿದ ಸುಳ್ಳಿಗೆ, ಎರಡನೆಯದು ಆಡದೆ ಉಳಿಸಿಕೊಂಡ ಸತ್ಯಕ್ಕೆ ಅನ್ವಯಿಸುತ್ತದೆ. ಪಾವತಿಸಿದ ಬೆಲೆ 50 ಲಕ್ಷ ರೂಪಾಯಿಯವರೆಗೆ ಇದ್ದರೆ ದೂರು ಜಿಲ್ಲಾ ಆಯೋಗದ ವ್ಯಾಪ್ತಿಗೆ ಬರುತ್ತದೆ. 5 ಲಕ್ಷದವರೆಗೆ ಶುಲ್ಕವಿಲ್ಲ, 5ರಿಂದ 10 ಲಕ್ಷಕ್ಕೆ 200 ರೂಪಾಯಿ, 10ರಿಂದ 20 ಲಕ್ಷಕ್ಕೆ 400 ರೂಪಾಯಿ. ದೂರುದಾರರು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಕೊಡಲು ಈ ಕಾಯ್ದೆ ಅವಕಾಶ ಮಾಡಿರುವುದರಿಂದ, ಹರಿಹರದವರು ಕಾರನ್ನು ಹುಬ್ಬಳ್ಳಿಯಲ್ಲಿಯೋ ಬೆಂಗಳೂರಿನಲ್ಲಿಯೋ ಕೊಂಡಿದ್ದರೂ ದಾವಣಗೆರೆಯ ಆಯೋಗಕ್ಕೆ ಹೋಗಬಹುದು. ದೋಷ ತೆಗೆಸುವುದು, ಬದಲಿ ಕೊಡಿಸುವುದು, ಬೆಲೆ ಮರಳಿಸುವುದು, ಪರಿಹಾರ ಕೊಡಿಸುವುದು ಇವೆಲ್ಲವೂ ಆಯೋಗದ ಅಧಿಕಾರದಲ್ಲಿವೆ.

ಪ್ರಶ್ನೆ: ಹೊಣೆ ಯಾರದು, ತಯಾರಕರದೋ ಮಾರಾಟಗಾರರದೋ?

ಪುಟ್ಟಿ: ಈ ಪ್ರಶ್ನೆ ನೆರೆಯ ಗೋವೆಯಿಂದ ದೆಹಲಿಯವರೆಗೆ ಪ್ರಯಾಣ ಮಾಡಿದೆ. 2011ರಲ್ಲಿ ಆ ವರ್ಷದ ಕಾರಿಗೆಂದು ಹಣ ಕೊಟ್ಟ ಗ್ರಾಹಕರೊಬ್ಬರಿಗೆ 2009ರಲ್ಲಿ ತಯಾರಾದ, 622 ಕಿ.ಮೀ. ಓಡಿದ್ದ, ಕೆಳಮೈಯಲ್ಲಿ ತುಕ್ಕೂ ಅಲ್ಲಲ್ಲಿ ಗೀರುಗಳೂ ಇದ್ದ ಕಾರು ಬಂದಿತ್ತು. ಗ್ರಾಹಕ ವೇದಿಕೆಗಳು ಮಾರಾಟಗಾರರನ್ನೂ ತಯಾರಕರಾದ ಟಾಟಾ ಮೋಟಾರ್ಸನ್ನೂ ಒಟ್ಟಾಗಿ ಹೊಣೆ ಮಾಡಿದ್ದವು. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ತಯಾರಕರನ್ನು ಹೊಣೆಯಿಂದ ಬಿಡಿಸಿತು. ಅವರಿಬ್ಬರ ಸಂಬಂಧ ‘ಪ್ರಿನ್ಸಿಪಲ್ ಟು ಪ್ರಿನ್ಸಿಪಲ್’ ಬಗೆಯದು, ಅಂದರೆ ಮಾರಾಟಗಾರರು ತಯಾರಕರ ಏಜೆಂಟರಲ್ಲ, ಸರಕನ್ನು ಕೊಂಡು ಮಾರುವ ಸ್ವತಂತ್ರ ವ್ಯಾಪಾರಿಗಳು. ಅವರು ಮಾಡಿದ್ದು ತಯಾರಕರಿಗೆ ಗೊತ್ತಿತ್ತೆಂದು ತೋರಿಸದೆ ತಯಾರಕರನ್ನು ಹಿಡಿಯಲಾಗದು ಎಂಬುದು ಅದಕ್ಕೆ ಕೊಟ್ಟ ಕಾರಣ. ಫಲಕದ ಮೇಲೆ ತಯಾರಕರ ಹೆಸರು ದೊಡ್ಡದಾಗಿಯೂ ಮಾರಾಟಗಾರರ ಹೆಸರು ಚಿಕ್ಕದಾಗಿಯೂ ಇರುತ್ತದೆ; ಹೊಣೆಯ ಅಕ್ಷರಗಾತ್ರ ಇದಕ್ಕೆ ತಿರುವುಮುರುವು. ಆದ್ದರಿಂದ ದೂರಿನಲ್ಲಿ ಇಬ್ಬರನ್ನೂ ಸೇರಿಸುವುದರ ಜೊತೆಗೆ, ಪೆಟ್ಟಿನ ವಿಷಯ ಯಾರ ಕಡತದಲ್ಲಿತ್ತೆಂಬುದನ್ನು ಮೊದಲು ಹುಡುಕಬೇಕು.

ಪ್ರಶ್ನೆ: ರಿಪೇರಿಗೆ ತಗಲಿದ್ದು ಕೆಲವೇ ಸಾವಿರ, ಇಷ್ಟು ಸಣ್ಣದನ್ನು ಹೇಳಬೇಕೇ ಎಂಬುದು ಮಾರಾಟಗಾರರ ಕೊನೆಯ ವಾದ. ಇದಕ್ಕೆ ಉತ್ತರವೇನು?

ಪುಟ್ಟಿ: ಇದೇ ವಾದವನ್ನು ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಬಹಳ ವ್ಯವಸ್ಥಿತವಾಗಿ ಮಂಡಿಸಲಾಗಿತ್ತು. ‘ಬಿಎಂಡಬ್ಲ್ಯು ಆಫ್ ನಾರ್ತ್ ಅಮೆರಿಕಾ ವಿರುದ್ಧ ಗೋರ್’ ಎಂದು ಹೆಸರಾದ ಆ ಪ್ರಕರಣದಲ್ಲಿ, 1990ರಲ್ಲಿ ಸುಮಾರು 40,750 ಡಾಲರಿಗೆ ಹೊಸದೆಂದು ಕೊಂಡ ಕಾರಿಗೆ ಮತ್ತೆ ಬಣ್ಣ ಹಾಕಲಾಗಿದೆಯೆಂಬುದು ಒಂಬತ್ತು ತಿಂಗಳ ಮೇಲೆ ಹೊಳಪು ಕೊಡಿಸಲು ಹೋದಾಗ ತಿಳಿಯಿತು. ಸಾಗಣೆಯ ಕಾಲದಲ್ಲಿ ಆಮ್ಲಮಳೆಯಿಂದ ಆಯಿತೆಂದು ಊಹಿಸಲಾದ ಹಾನಿಯನ್ನು 601 ಡಾಲರ್ ವೆಚ್ಚದಲ್ಲಿ ಸರಿಪಡಿಸಿದ್ದರು, ಬೆಲೆಯ ಶೇ. 3ನ್ನು ಮೀರದ ರಿಪೇರಿಯನ್ನು ಯಾರಿಗೂ ಹೇಳಬೇಕಾಗಿಲ್ಲವೆಂಬ ನೀತಿ ಕಂಪನಿಯಲ್ಲಿದ್ದು, ಈ ವೆಚ್ಚ ಶೇ. 1.5ರಷ್ಟಾಗಿದ್ದರಿಂದ ಮಾರಾಟಗಾರರಿಗೂ ತಿಳಿಸಿರಲಿಲ್ಲ. ಇದೇ ರೀತಿ 983 ಕಾರುಗಳನ್ನು ಹೊಸದೆಂದು ಮಾರಿದ್ದು ವಿಚಾರಣೆಯಲ್ಲಿ ಹೊರಬಂತು. ಮತ್ತೆ ಬಣ್ಣ ಕಂಡ ಕಾರಿನ ಬೆಲೆ ಶೇ. 10ರಷ್ಟು ಇಳಿಯುತ್ತದೆಂಬ ಸಾಕ್ಷ್ಯದ ಮೇಲೆ 4,000 ಡಾಲರ್ ಪರಿಹಾರವನ್ನೂ, ದಂಡರೂಪದಲ್ಲಿ 40 ಲಕ್ಷ ಡಾಲರನ್ನೂ ಜೂರಿ, ಅಂದರೆ ತೀರ್ಪು ಕೊಡುವ ನಾಗರಿಕರ ಮಂಡಳಿ, ವಿಧಿಸಿತು. ರಾಜ್ಯದ ಸರ್ವೋಚ್ಚ ನ್ಯಾಯಾಲಯ ದಂಡವನ್ನು 20 ಲಕ್ಷಕ್ಕೆ ಇಳಿಸಿತು. ಅದೂ ಅತಿಯಾಯಿತೆಂದು 1996ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು 5ಕ್ಕೆ 4ರ ಬಹುಮತದಿಂದ ಹೇಳಿದ ಮೇಲೆ, ಕೊನೆಗೆ 50,000 ಡಾಲರಿಗೆ ನಿಂತಿತು. ದಂಡದ ಗಾತ್ರದ ಬಗ್ಗೆ ನ್ಯಾಯಾಧೀಶರಲ್ಲಿ ಭಿನ್ನಮತವಿತ್ತು; 4,000 ಡಾಲರಿನ ಮೂಲ ಪರಿಹಾರ ಉಳಿದುಕೊಂಡಿತು. ಗೋವೆಯಲ್ಲಿ ಅರಿವು ಮಾರಾಟಗಾರರ ಬಳಿ ಇತ್ತು, ಅಲಬಾಮಾದಲ್ಲಿ ತಯಾರಕರ ವಿತರಣಾ ಕಂಪನಿಯ ಬಳಿ ಇತ್ತು. ಎರಡೂ ಕಡೆ ಹೊಣೆ ಅರಿವಿನ ಹಿಂದೆಯೇ ಹೋಯಿತು. ಸಣ್ಣದೆಂಬ ಮಾತಿಗೆ ಪುಟ್ಟಿಯ ಉತ್ತರ ಇಷ್ಟೇ: ಅಷ್ಟು ಸಣ್ಣದಾಗಿದ್ದರೆ ಹೇಳುವುದಕ್ಕೆ ಕಷ್ಟವೇನಿತ್ತು?

ಪ್ರಶ್ನೆ: ಗ್ರಾಹಕರ ಪಾಲಿನ ತಪ್ಪು ಏನೂ ಇಲ್ಲವೇ?

ಪುಟ್ಟಿ: ತಪ್ಪೆನ್ನುವಂತಿಲ್ಲ, ವಿಚಿತ್ರವೆನ್ನಬಹುದು. ದಾವಣಗೆರೆಯ ಕೃಷಿ ಮಾರುಕಟ್ಟೆಯಲ್ಲಿ ಮೆಕ್ಕೆಜೋಳದ ಚೀಲಕ್ಕೆ ಕೊಳವೆ ಚುಚ್ಚಿ ಒಳಗಿನ ಕಾಳನ್ನು ಅಂಗೈಗೆ ಸುರಿದು, ಕಚ್ಚಿ ನೋಡಿ, ತೇವಾಂಶವನ್ನು ಅಳೆದ ಮೇಲೆಯೇ ಬೆಲೆ ಕೂಗುವ ಜನ, ಹತ್ತು ಲಕ್ಷದ ಕಾರಿನ ಮುಂದೆ ನಿಂತಾಗ ಸೀಟಿನ ಬಣ್ಣವನ್ನೂ ಹಾಡಿನ ಪೆಟ್ಟಿಗೆಯ ಗಾತ್ರವನ್ನೂ ವಿಚಾರಿಸಿ ಕೈತೊಳೆದುಕೊಳ್ಳುತ್ತಾರೆ. ಮಾರುವವರು ‘ಷೋರೂಮು’ ಎಂಬ ಗಾಜಿನ ಗೋಡೆಯ ಒಳಗಿದ್ದರೆ ಸಂದೇಹಪಡುವುದು ಅಸಭ್ಯತೆಯೆಂಬ ಭಾವನೆ ಇದಕ್ಕೆ ಕಾರಣವಿರಬೇಕು. ಆದರೂ ಕೇಳದಿದ್ದುದಕ್ಕೆ ಹೇಳಲಿಲ್ಲವೆಂಬ ಸಮರ್ಥನೆ ನಿಲ್ಲುವುದಿಲ್ಲ. ಹೊಸದೆಂದು ಬಿಲ್ಲಿನಲ್ಲಿ ಬರೆದು ಹೊಸದರ ಬೆಲೆ ಪಡೆದ ಕ್ಷಣದಲ್ಲಿಯೇ, ಕೇಳದ ಪ್ರಶ್ನೆಗೂ ಮಾರಾಟಗಾರರು ಉತ್ತರ ಕೊಟ್ಟಾಗಿರುತ್ತದೆ.

ಪ್ರಶ್ನೆ: ಆಯೋಗದಲ್ಲಿ ಸಾಕ್ಷಿ ಹೇಳಲು ತಾವು ಸಿದ್ಧರಿದ್ದೀರಾ?

ಪುಟ್ಟಿ: ಪುಟ್ಟಿ ಸದಾ ಸಿದ್ಧ, ಕಷ್ಟವಿರುವುದು ಕಾಲನಿರ್ಣಯದಲ್ಲಿ. ಪೆಟ್ಟು ಬಿದ್ದಿದೆಯೆಂದು ಪುಟ್ಟಿ ಹೇಳಬಲ್ಲದು, ಯಾವ ದಿನ ಬಿತ್ತೆಂದು ಹೇಳಲಾರದು. ಮಳಿಗೆಯವರ ಮೂರನೆಯ ಹಂತದ ವಾದ, ಮನೆಯವರೇ ತಾಗಿಸಿರಬಹುದೆಂಬುದು, ಇದೇ ಸಂದಿನಲ್ಲಿ ನುಸುಳುತ್ತದೆ. ಆ ಸಂದನ್ನು ಮುಚ್ಚುವ ಕಾಗದಗಳೆಂದರೆ, 17 ಅಕ್ಷರ-ಅಂಕಿಗಳ ಚಾಸಿಸ್ ಸಂಖ್ಯೆಯ ಮೇಲೆ ಕಂಪನಿಯ ಗಣಕದಲ್ಲಿ ದಾಖಲಾಗಿರಬಹುದಾದ ರಿಪೇರಿಯ ಜಾಬ್‌ಕಾರ್ಡು, ಸಾಗಣೆ ವಿಮೆಯ ಕಡತ, ಹಸ್ತಾಂತರದ ದಿನದ ಫೋಟೊಗಳು ಮತ್ತು ದೋಷ ಕಂಡ ಕೂಡಲೇ ಬರೆದು ಕಳುಹಿಸಿದ ಪತ್ರ. ಬರಿಗಣ್ಣಿನ ಪರೀಕ್ಷೆ ಸಾಲದಾದಾಗ ಸರಕನ್ನು ತಜ್ಞರ ಪರೀಕ್ಷೆಗೆ ಕಳುಹಿಸುವ ಅಧಿಕಾರ ಆಯೋಗಕ್ಕಿದೆ. ಎದುರಿನವರಿಗೆ ನೋಟಿಸು ತಲುಪಿದ ಮೂರು ತಿಂಗಳೊಳಗೆ, ಪರೀಕ್ಷೆ ಬೇಕಾದರೆ ಐದು ತಿಂಗಳೊಳಗೆ, ತೀರ್ಮಾನಿಸಲು ಪ್ರಯತ್ನಿಸಬೇಕೆಂದು ಕಾಯ್ದೆ ಹೇಳುತ್ತದೆ. ಪ್ರಯತ್ನವೆಂಬ ಮಾತನ್ನು ಕಾಯ್ದೆ ಬಹಳ ಎಚ್ಚರಿಕೆಯಿಂದ ಬಳಸಿದೆ.

ಪ್ರಶ್ನೆ: ಸರ್ಕಾರಕ್ಕೆ ತಮ್ಮ ಬೇಡಿಕೆ ಏನಾದರೂ ಇದೆಯೇ?

ಪುಟ್ಟಿ: ಒಂದೇ ಒಂದು. ನಮೂನೆ 21ರಲ್ಲಿ ಮೈಯ ಬಣ್ಣದ ಅಂಕಣದ ಕೆಳಗೆ, ‘ಮಾರಾಟಕ್ಕೆ ಮುನ್ನ ಆದ ಹಾನಿ ಮತ್ತು ರಿಪೇರಿ’ ಎಂಬ ಸಾಲೊಂದನ್ನು ಸೇರಿಸಿ, ಇಲ್ಲವಾದರೆ ‘ಇಲ್ಲ’ ಎಂದು ಬರೆದು ಮಾರಾಟಗಾರರು ಸಹಿ ಹಾಕುವಂತಾಗಬೇಕು. ಆಗ ಸುಳ್ಳು ಹೇಳಬೇಕಾದವರು ಮೌನವಾಗಿ ಹೇಳುವ ಬದಲು ಶಾಯಿಯಲ್ಲಿ ಹೇಳಬೇಕಾಗುತ್ತದೆ, ಶಾಯಿಯ ಮೇಲೆ ಪುಟ್ಟಿ ನಿಲ್ಲುವುದಿಲ್ಲ. ಈ ತಿದ್ದುಪಡಿಗೆ ಬೇಕಾದ ಖರ್ಚು ಒಂದು ಸಾಲಿನ ಅಚ್ಚಿನದು ಮಾತ್ರ.

ಪ್ರಶ್ನೆ: ಕೊನೆಯದಾಗಿ, ಕಾರು ಕೊಳ್ಳಲು ಹೊರಟಿರುವ ಓದುಗರಿಗೆ ತಮ್ಮ ಮಾತು?

ಪುಟ್ಟಿ: ನೋಂದಣಿಗೆ ಮುನ್ನವೇ, ಹಗಲಿನ ಬೆಳಕಿನಲ್ಲಿ, ಹೊದಿಕೆಯೂ ಹಾರವೂ ಇಲ್ಲದ ಸ್ಥಿತಿಯಲ್ಲಿ ಕಾರನ್ನು ನೋಡಬೇಕು. ಟೈರಿನ ಮೇಲಿರುವ ನಾಲ್ಕು ಅಂಕಿಗಳಲ್ಲಿ ಮೊದಲ ಎರಡು ವಾರವನ್ನೂ ಕೊನೆಯ ಎರಡು ವರ್ಷವನ್ನೂ ಹೇಳುತ್ತವೆ. ಅವನ್ನು ಕಾರು ತಯಾರಾದ ತಿಂಗಳಿನೊಂದಿಗೆ ತಾಳೆ ನೋಡಬೇಕು. ಬೋಲ್ಟು, ಬೀಡಿಂಗು, ಗಾಜುಗಳ ಗುರುತು ಮತ್ತು ಓಡಿದ ಕಿಲೋಮೀಟರನ್ನು ಗಮನಿಸಿ, ಸಾಧ್ಯವಾದರೆ ಪೇಂಟ್ ಗೇಜ್ ಇರುವ ಮೇಸ್ತ್ರಿಯೊಬ್ಬರನ್ನು ಜೊತೆಗೆ ಕರೆದೊಯ್ಯಬೇಕು. ಪ್ಲಾಸ್ಟಿಕ್ ಬಂಪರಿನ ಮೇಲೆ ಸಾಮಾನ್ಯ ಗೇಜು ಕೆಲಸ ಮಾಡುವುದಿಲ್ಲವಾದ್ದರಿಂದ ಅಲ್ಲಿ ಕಣ್ಣನ್ನೇ ನಂಬಬೇಕು. ಈ ಕಾರಿಗೆ ಯಾವ ಹಾನಿಯೂ ರಿಪೇರಿಯೂ ಆಗಿಲ್ಲವೆಂದು ಮಳಿಗೆಯ ಮುದ್ರೆಯೊಂದಿಗೆ ಒಂದು ಸಾಲು ಬರೆಸಿಕೊಳ್ಳಬೇಕು; ಬರೆದುಕೊಡಲು ಹಿಂಜರಿದರೆ ಅದೇ ಉತ್ತರವೆಂದು ತಿಳಿಯಬೇಕು. ಮೋಸ ಹೋದದ್ದು ಗೊತ್ತಾದರೆ ಉಚಿತ ಪಾಲಿಶಿಗೆ ಒಪ್ಪದೆ, ಕಾರನ್ನು ಅವರ ಕೈಗೆ ಮತ್ತೆ ತಿಕ್ಕಲು ಕೊಡದೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬೇಕು, ಇಲ್ಲವೇ ನೇರವಾಗಿ ಜಿಲ್ಲಾ ಆಯೋಗಕ್ಕೆ ಹೋಗಬೇಕು. ದೂರು ಸಲ್ಲಿಸಲು ಕಾಯ್ದೆ ಕೊಟ್ಟಿರುವ ಅವಧಿ ಎರಡು ವರ್ಷ. ಪುಟ್ಟಿಗೆ ಯಾವ ಅವಸರವೂ ಇಲ್ಲ, ಗ್ರಾಹಕರಿಗೆ ಇರಬೇಕು.